ಹನ್ನೆರಡು ವರ್ಷದ ಚಾಂಪಿಯನ್ ಯಾರಿಗೆ ಬೇಕು?

ಮಕ್ಕಳ ಆಟಕ್ಕೆ ರಾಷ್ಟ್ರಮಟ್ಟದ ಕಿರೀಟ ಬೇಕೇ? ಬೇಕಾದರೆ ಯಾವ ವಯಸ್ಸಿನಿಂದ? ಅಮೆರಿಕದಲ್ಲಿ ಐಸ್ ಹಾಕಿ ಆಟದ ಉಸ್ತುವಾರಿ ಹೊತ್ತಿರುವ ಯುಎಸ್‌ಎ ಹಾಕಿ ಸಂಸ್ಥೆ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡಿತು. 2009ರಲ್ಲಿ ಆರಂಭಿಸಿದ ಸುಧಾರಣೆಯ ಅಂಗವಾಗಿ 12 ವರ್ಷದೊಳಗಿನವರ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನೇ ಅದು ಕೈಬಿಟ್ಟಿತು. ದೊಡ್ಡ ಹುಡುಗರ ಪಂದ್ಯಾವಳಿಗಳು ಮಾತ್ರ ಉಳಿದುಕೊಂಡವು.

ಇದು ನಾವು ಮೈದಾನದಲ್ಲಿ ಕಾಣುವ ಹಾಕಿಯಲ್ಲ. ಕಾಲಿಗೆ ಸ್ಕೇಟ್ ಕಟ್ಟಿಕೊಂಡು, ಮಂಜುಗಡ್ಡೆಯ ಮೇಲೆ ಜಾರುತ್ತಾ, ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆಯುವ ಆಟ. ದುಬಾರಿ ಆಟವೂ ಹೌದು. ಮಂಜಿನ ಅಂಗಣಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ, ಜೊತೆಗೆ ಉಡುಪು, ಪ್ರಯಾಣ. ತಂದೆತಾಯಿಗಳು ಇಷ್ಟೆಲ್ಲ ಸುರಿದ ಮೇಲೆ ಗೆಲುವನ್ನು ಎದುರುನೋಡುವುದು ಸಹಜ. ಆದರೆ ಕೋಚಿನ ಕಣ್ಣು ಕಪ್ಪಿನ ಮೇಲೆ ನೆಟ್ಟರೆ ಏನಾಗುತ್ತದೆ? ಕೊನೆಯ ನಿಮಿಷಗಳಲ್ಲಿ ಗಟ್ಟಿ ಹುಡುಗರಷ್ಟೇ ಅಂಗಣಕ್ಕೆ ಇಳಿಯುತ್ತಾರೆ. ಉಳಿದವರು ಬೆಂಚಿನ ಮೇಲೆ ಕುಳಿತು ಚಪ್ಪಾಳೆ ತಟ್ಟುತ್ತಾರೆ.

ಆ ಗಟ್ಟಿ ಹುಡುಗರಾದರೂ ಯಾರು? ಇಲ್ಲೊಂದು ವಿಚಿತ್ರವಿದೆ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಲೆಕ್ಕಹಾಕಿ ತೋರಿಸಿದರು. ಅಲ್ಲಿ ವಯಸ್ಸಿನ ಗುಂಪು ಜನವರಿ 1ರಿಂದ ಎಣಿಕೆಯಾಗುತ್ತಿತ್ತು. ದೊಡ್ಡ ಕಿರಿಯರ ಲೀಗುಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿಕೊಂಡಿದ್ದರು. ಕೊನೆಯ ತಿಂಗಳುಗಳವರು ವಿರಳ. ಕಾರಣ ಸರಳ. ಜನವರಿಯ ಹುಡುಗನೂ ಅದೇ ವರ್ಷದ ಕ್ರಿಸ್ಮಸ್ ಆಸುಪಾಸಿನಲ್ಲಿ ಹುಟ್ಟಿದವನೂ ಒಂದೇ ಗುಂಪಿನಲ್ಲಿ ಆಡುತ್ತಾರೆ. ಹತ್ತನೆಯ ವಯಸ್ಸಿಗೆ ಹನ್ನೊಂದು ತಿಂಗಳ ಅಂತರವೆಂದರೆ ಆಯುಷ್ಯದ ಹತ್ತನೆಯ ಒಂದು ಪಾಲು! ಎತ್ತರವೂ ಬಲವೂ ಹೆಚ್ಚಿದ್ದವನನ್ನು 'ಪ್ರತಿಭಾವಂತ' ಎಂದು ಆರಿಸುತ್ತಾರೆ. ಆರಿಸಿದವನಿಗೆ ಒಳ್ಳೆಯ ಕೋಚು, ಹೆಚ್ಚು ಅಭ್ಯಾಸ, ಹೆಚ್ಚು ಪಂದ್ಯ. ಐದಾರು ವರ್ಷಗಳಲ್ಲಿ ಅವನು ನಿಜವಾಗಿಯೂ ಉತ್ತಮ ಆಟಗಾರನಾಗುತ್ತಾನೆ. ಆಗ ನಾವು, "ನೋಡಿ, ನಮ್ಮ ಆಯ್ಕೆ ಎಷ್ಟು ಸರಿಯಾಗಿತ್ತು" ಎಂದು ಹೆಮ್ಮೆಪಡುತ್ತೇವೆ. ಡಿಸೆಂಬರಿನ ಹುಡುಗನಾದರೋ ಅಷ್ಟರಲ್ಲಿ ಸ್ಕೇಟನ್ನು ಅಟ್ಟಕ್ಕೆ ಹಾಕಿರುತ್ತಾನೆ, ತನಗೆ ಆಟ ಬರುವುದಿಲ್ಲವೆಂದು ನಂಬಿ.

ಇದನ್ನು ಅನ್ಯಾಯವೆನ್ನಬೇಕೇ? ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಗೊತ್ತಾದ ಮೇಲೆ ಸುಮ್ಮನಿರುವುದು ಬೇರೆ ಮಾತು.

ನಾರ್ವೆ ದೇಶದಲ್ಲಿ 1987ರಿಂದಲೂ ಮಕ್ಕಳ ಕ್ರೀಡೆಗೆಂದೇ ಪ್ರತ್ಯೇಕ ನಿಯಮಗಳಿವೆ. ಈಗಿನ ನಿಯಮದಂತೆ, 13 ತುಂಬುವ ವರ್ಷದವರೆಗೆ ಮಗು ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಆಡುವಂತಿಲ್ಲ. ಅದೇ ನಾರ್ವೆ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎಲ್ಲ ದೇಶಗಳಿಗಿಂತ ಹೆಚ್ಚು, ಅಂದರೆ 39 ಪದಕ ಗೆದ್ದಿತು. ಇದನ್ನು ಮುಂದಿಟ್ಟು ಅನೇಕರು, ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಮುಂದೆ ಪದಕ ಬರುತ್ತದೆ ಎನ್ನುತ್ತಾರೆ. ಅಮೆರಿಕದ ಸಂಸ್ಥೆಯ ವಾದವೂ ಹೆಚ್ಚುಕಡಿಮೆ ಇದೇ: ಬೇಗ ಗೆಲ್ಲಿಸುವ ಹಟ ಬಿಟ್ಟು ಕೌಶಲ ಬೆಳೆಸಿದರೆ ಮುಂದೆ ಉತ್ತಮ ಆಟಗಾರರು ಸಿಗುತ್ತಾರೆ.

ನನಗೆ ಈ ವಾದ ಅರ್ಧ ಮಾತ್ರ ಒಪ್ಪಿಗೆ. ನಾರ್ವೆ ಒಂದು ಪದಕವನ್ನೂ ಗೆಲ್ಲದಿದ್ದರೆ ಆ ನಿಯಮ ತಪ್ಪಾಗುತ್ತಿತ್ತೇ? ಹನ್ನೆರಡರ ಹುಡುಗರನ್ನು ಅರೆದು ಹಿಂಡಿದರೆ ಇಪ್ಪತ್ತೈದಕ್ಕೆ ಒಳ್ಳೆಯ ಆಟಗಾರರು ಸಿಗುತ್ತಾರೆಂದು ನಾಳೆ ಯಾರಾದರೂ ಸಾಬೀತುಪಡಿಸಿದರೆ, ಹಿಂಡಲು ನಮಗೆ ಅಪ್ಪಣೆ ಸಿಕ್ಕಿತೇ? ಬಾಲ್ಯವನ್ನು ಮುಂದಿನ ಬೆಳೆಗೆ ಗೊಬ್ಬರವೆಂದು ಎಣಿಸುವವರೆಗೂ ನಾವು ಮಗುವನ್ನು ನೋಡುತ್ತಲೇ ಇಲ್ಲ, ಅದರ ಬೆನ್ನ ಹಿಂದೆ ನಿಂತಿರುವ ಇನ್ಯಾರನ್ನೋ ನೋಡುತ್ತಿದ್ದೇವೆ.

ಮಕ್ಕಳಿಗೂ ಗೆಲ್ಲುವ ಆಸೆ ಇದೆಯಲ್ಲವೇ ಎಂದು ಕೇಳುವಿರಿ. ಖಂಡಿತ ಇದೆ, ಇರಲಿ. ಬೀದಿಯಲ್ಲಿ ಆಡುವಾಗಲೂ ಅವರು ಲೆಕ್ಕ ಇಟ್ಟೇ ಇಡುತ್ತಾರೆ, ಸೋತರೆ ಜಗಳವನ್ನೂ ಆಡುತ್ತಾರೆ, ಊಟದ ಹೊತ್ತಿಗೆ ಮರೆಯುತ್ತಾರೆ. ಮರೆಯಲು ಬಿಡದಿರುವುದು ಹಿರಿಯರು ಕಟ್ಟಿದ ಪಟ್ಟಿ, ಪದಕ, ಫೋಟೊ.

ಯುಎಸ್‌ಎ ಹಾಕಿ ಬಾಗಿಲು ಮುಚ್ಚಿದರೂ ಖಾಸಗಿ ಪಂದ್ಯಾವಳಿಗಳು ನಿಲ್ಲಲಿಲ್ಲ. ಕೆನಡಾದ ಎಡ್ಮಂಟನ್ ನಗರದ ಭಾರೀ ಮಾಲ್ ಒಂದರೊಳಗಿನ ಅಂಗಣದಲ್ಲಿ ಹತ್ತು ವರ್ಷದ ಮಕ್ಕಳಿಗಾಗಿ ಬೇಸಿಗೆಯಲ್ಲಿ ಬ್ರಿಕ್ ಎಂಬ ಹೆಸರಾಂತ ಟೂರ್ನಿ ನಡೆಯುತ್ತದೆ. ಕೆನಡಾದಿಂದಲೂ ಅಮೆರಿಕದಿಂದಲೂ ಆಯ್ದ ತಂಡಗಳು ಬರುತ್ತವೆ. ಹತ್ತು ವರ್ಷದವರು ತಾವಾಗಿ ಟಿಕೆಟು ಕೊಂಡು ಅಲ್ಲಿಗೆ ಹೋಗುವುದಿಲ್ಲ.