ಬೆಚ್ಚಗಿರೋದಕ್ಕೆ ಎಷ್ಟು ಬೇಕು?

ಡಿಸೆಂಬರ್‌ನಲ್ಲಿ ಕೇದಾರಕಂಠ ಟ್ರೆಕ್‌ಗೆ ಹೋಗೋದು ಅಂತ ನಮ್ಮ ಟೀಮಿನ ಐದು ಜನ ತೀರ್ಮಾನ ಮಾಡಿದ್ವಿ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆ, ಸುಮಾರು 12,500 ಅಡಿ ಎತ್ತರ, ರಾತ್ರಿಯ ಚಳಿ ಸೊನ್ನೆಗಿಂತ ಕೆಳಗೆ. ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಮೊದಲು ಇದ್ದದ್ದೇ ಡೌನ್ ಜಾಕೆಟ್. ನಾನೋ, ಮಿಕ್ಸಿ ಕೊಳ್ಳೋಕೂ ಎಕ್ಸೆಲ್ ಶೀಟ್ ಮಾಡೋ ಆಸಾಮಿ. ಟ್ರೆಕ್‌ಗೂ ಆಗಬೇಕು, ದಿನಾ ಹಾಕ್ಕೊಳ್ಳೋಕೂ ಆಗಬೇಕು, ಒಂದೇ ಜಾಕೆಟ್ ಸಾಕು ಅಂತ ಹುಡುಕೋಕೆ ಕೂತೆ.

ಮೂರು ರಾತ್ರಿ ಅದರಲ್ಲೇ ಕಳೆದವು. ಡೌನ್ ಅಂದರೆ ಬಾತು, ಹೆಬ್ಬಾತುಗಳ ಗರಿಯ ಕೆಳಗೆ ಮೈಗೆ ಅಂಟಿಕೊಂಡಿರುವ ಮೃದುವಾದ ತುಪ್ಪಳ. ಅದು ತಾನಾಗಿ ಶಾಖ ಕೊಡೋದಿಲ್ಲ. ಗಾಳಿಯನ್ನು ಹಿಡಿದು ನಿಲ್ಲಿಸುತ್ತೆ, ನಮ್ಮ ಮೈಯ ಬಿಸಿ ಹೊರಗೆ ಹೋಗದ ಹಾಗೆ ನೋಡಿಕೊಳ್ಳುತ್ತೆ, ಅಷ್ಟೇ. ಜಾಕೆಟ್ ಮೇಲೆ 550, 650, 800 ಅಂತ ಬರೆದಿರುವ ಫಿಲ್ ಪವರ್ ಹೇಳೋದೂ ಇದನ್ನೇ: ಒಂದು ಔನ್ಸ್, ಅಂದರೆ 28 ಗ್ರಾಂ ತುಪ್ಪಳ ಎಷ್ಟು ಘನ ಅಂಗುಲ ಜಾಗಕ್ಕೆ ಉಬ್ಬಿಕೊಳ್ಳುತ್ತೆ ಅಂತ. 800 ಅಂದರೆ ಸುಮಾರು 13 ಲೀಟರ್. ಒಂದು ಹಿಡಿ ತುಪ್ಪಳ, ಒಂದು ಬಕೆಟ್ ಗಾಳಿ! ಆದರೆ ಒದ್ದೆಯಾದರೆ ಮುದ್ದೆಗಟ್ಟಿ ಎಲ್ಲ ಮುಗೀತು. ಸಿಂಥೆಟಿಕ್ ಜಾಕೆಟ್‌ಗೆ ಆ ತಾಪತ್ರಯ ಕಡಿಮೆ, ಬೆಲೆಯೂ ಕಡಿಮೆ, ತೂಕ ಮಾತ್ರ ಜಾಸ್ತಿ.

ಇಲ್ಲಿಯವರೆಗೆ ಇದು ಲೆಕ್ಕಾಚಾರ. ಆಮೇಲೆ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಜೀವಂತ ಹೆಬ್ಬಾತನ್ನು ಮೊಣಕಾಲ ಮಧ್ಯೆ ಅದುಮಿಕೊಂಡು ಪುಕ್ಕ ಕೀಳ್ತಾ ಇದ್ರು. ಊಟ ಸೇರಲಿಲ್ಲ. ನಾನೇನು ಸಸ್ಯಾಹಾರಿ ಅಲ್ಲ. ಊರಲ್ಲಿ ಹಬ್ಬದ ಮಾರನೇ ದಿನ ಕೋಳಿ ಪುಕ್ಕ ಕೀಳೋ ಕೆಲಸ ನನ್ನದೇ ಆಗಿತ್ತು. ಆದರೆ ಆ ಕೋಳಿ ಸತ್ತಿರುತ್ತಿತ್ತು.

ಇನ್ನೂ ಓದಿದೆ. ಮಾರುಕಟ್ಟೆಯ ಹೆಚ್ಚಿನ ತುಪ್ಪಳ ಮಾಂಸಕ್ಕೆ ಕೊಂದ ಹಕ್ಕಿಗಳದ್ದೇ. ಜೀವಂತ ಹಕ್ಕಿಯ ಪುಕ್ಕ ಕೀಳಬಾರದು, ಬಲವಂತವಾಗಿ ಮೇವು ತುರುಕಬಾರದು ಅನ್ನೋ ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್ ಎಂಬ ಪ್ರಮಾಣಪತ್ರ 2014ರಿಂದ ಇದೆ. ಪೂರ್ತಿ ಕೈ ತೊಳೆದುಕೊಂಡು ಸಿಂಥೆಟಿಕ್‌ಗೆ ಹೋಗೋಣ ಅಂದರೆ ಅದು ಪಾಲಿಯೆಸ್ಟರ್. ಹುಟ್ಟೋದು ಪೆಟ್ರೋಲಿಯಂನಿಂದ, ಒಗೆದಾಗ ಸಣ್ಣ ಸಣ್ಣ ಪ್ಲಾಸ್ಟಿಕ್ ಎಳೆ ಬಿಟ್ಟು ನೀರಿಗೆ ಸೇರಿಸುತ್ತೆ. ಕೊನೆಗೆ ಪ್ರಮಾಣಪತ್ರ ಇರುವ 14,000 ರೂಪಾಯಿಯ ಜಾಕೆಟ್ಟೊಂದನ್ನು ಕಾರ್ಟ್‌ಗೆ ಹಾಕಿದೆ. ಮನಸ್ಸು ಹಗುರಾಯಿತು.

ಆ ಭಾನುವಾರ ಅಪ್ಪನ ಜೊತೆ ಫೋನಿನಲ್ಲಿ ಮಾತಾಡ್ತಾ ವಿಷಯ ಹೇಳಿದೆ.

"ಅದ್ರೊಳಗೆ ಏನೈತೆ?"

"ಹೆಬ್ಬಾತಿನ ಪುಕ್ಕ ಅಪ್ಪ."

"ಪುಕ್ಕಕ್ಕೆ ಹದಿನಾಲ್ಕು ಸಾವ್ರನಾ? ಅಲ್ಲಪ್ಪ, ನಿಂಗೆ ಕೊಟ್ಟಿದ್ ಕಂಬಳಿ ಏನಾತು?"

ನಮ್ಮೂರು ಚಳ್ಳಕೆರೆ ಕಡೆ. ಕುರಿ, ಕಂಬಳಿಗೆ ಹೆಸರಾದ ಸೀಮೆ. ನಾನು ಬಿಇ ಸೇರಿದಾಗ ಅಪ್ಪ ಪರಿಚಯದ ನೇಕಾರರ ಹತ್ತಿರ ಹೇಳಿ ಮಾಡಿಸಿದ ಕರಿಕಂಬಳಿಯೊಂದನ್ನು ಟ್ರಂಕಿಗೆ ಹಾಕಿ ಕಳಿಸಿದ್ದ. ಹಾಸ್ಟೆಲ್ ರೂಮಿನಲ್ಲಿ ಅದನ್ನು ಬಿಚ್ಚಿದ ದಿನ ಒಬ್ಬ "ಕುರಿ ಬಂತು ಕುರಿ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ವಾರದೊಳಗೆ ಅದನ್ನು ಹಾಸ್ಟೆಲಿನ ರಾತ್ರಿ ಕಾವಲುಗಾರರಿಗೆ ಕೊಟ್ಟು, ಕಳುವಾಯ್ತು ಅಂತ ಅಪ್ಪನಿಗೆ ಹೇಳಿದೆ. ಆ ವರ್ಷ ಶೇಂಗಾ ಕೈಕೊಟ್ಟಿತ್ತು. ಆದರೂ ದೀಪಾವಳಿಗೆ ಹೋದಾಗ ಇನ್ನೊಂದು ಕಂಬಳಿ ರೆಡಿ ಇತ್ತು. "ಇದನ್ನ ಜ್ವಾಪಾನ ಮಾಡು" ಅಂದಿದ್ದ. ಜೋಪಾನ ಮಾಡಿದೀನಿ ನೋಡಿ. ಬೆಂಗಳೂರಿನ ಮನೆಯ ಅಟ್ಟದ ಮೇಲೆ, ಹಳೇ ಮಾನಿಟರಿನ ಡಬ್ಬದ ಹಿಂದೆ.

ಎಲ್ಲೋ ದೂರದ ದೇಶದ ಹೆಬ್ಬಾತಿಗೆ ನೋವಾಗಬಾರದು ಅಂತ ಮೂರು ರಾತ್ರಿ ನಿದ್ದೆಗೆಟ್ಟವನು ನಾನೇ. ಒಂದು ನಗುವಿಗೆ ಹೆದರಿ ಅಪ್ಪನ ಕೈಯಲ್ಲಿ ಎರಡು ಸಲ ದುಡ್ಡು ಖರ್ಚು ಮಾಡಿಸಿದವನೂ ನಾನೇ. ಹೆಬ್ಬಾತಿನ ಬಗ್ಗೆ ಯೋಚಿಸಿದ್ದು ತಪ್ಪಲ್ಲ, ಆ ಪ್ರಮಾಣಪತ್ರವೂ ಸುಳ್ಳಲ್ಲ. ಆದರೆ ಆ ಕರುಣೆಗೆ ನಾನು ಕೊಡಬೇಕಾಗಿದ್ದದ್ದು ದುಡ್ಡು ಮಾತ್ರ. ಹತ್ತಿರದವರ ಋಣಕ್ಕೆ ಲೇಬಲ್ ಇಲ್ಲ. ಅಲ್ಲಿ ಮುಖ ಕೊಟ್ಟು ಮಾತಾಡಬೇಕು.

ಮತ್ತೆ ಶೀಟ್ ತೆರೆದೆ. ಬೆಲೆ, ತೂಕ, ಫಿಲ್ ಪವರ್, ಪ್ರಮಾಣಪತ್ರ, ಎಲ್ಲದಕ್ಕೂ ಕಾಲಂ ಇತ್ತು. 'ವರ್ಷಕ್ಕೆ ಎಷ್ಟು ದಿನ ಹಾಕ್ತೀನಿ' ಅನ್ನೋದಕ್ಕೆ ಇರಲಿಲ್ಲ. ಹಾಕಿ ನೋಡಿದೆ. ಟ್ರೆಕ್ ಆರು ದಿನ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ 15-16 ಡಿಗ್ರಿ. ಅಲ್ಲಿ ಡೌನ್ ಹಾಕಿಕೊಂಡರೆ ಹತ್ತು ನಿಮಿಷಕ್ಕೆ ಬೆವರು. ಬೈಕಲ್ಲಿ ಹೋಗುವಾಗ ಮಳೆ ಬಂದರೆ ಕೇಳೋದೇ ಬೇಡ. 'ದಿನಾ ಹಾಕ್ಕೊಳ್ತೀನಿ' ಅನ್ನೋದು 14,000ಕ್ಕೆ ನಾನೇ ಹುಡುಕಿಕೊಂಡ ನೆಪ. ಉಳಿದ 359 ದಿನ ಅದೂ ಅಟ್ಟದ ಮೇಲೆ, ಕಂಬಳಿ ಪಕ್ಕ. ಆ ಹಕ್ಕಿ ನೋವಿಲ್ಲದೆ ಸತ್ತಿರಬಹುದು. ಆದರೆ ಅಟ್ಟದಲ್ಲಿ ಧೂಳು ಹಿಡಿಯೋದಕ್ಕೆ ಅದರ ತುಪ್ಪಳ ಬೇಕಿತ್ತಾ? ನಾವು ಐದು ಜನ, ಐದು ಜಾಕೆಟ್!

ಟೊರಾಂಟೋದಲ್ಲಿರುವ ನನ್ನ ಕ್ಲಾಸ್‌ಮೇಟ್‌ನ ಮಾತೇ ಬೇರೆ. ಅವನಿಗೆ ಜಾಕೆಟ್ ಇಲ್ಲದೆ ಬಸ್‌ಸ್ಟಾಪಿಗೂ ಹೋಗೋಕಾಗಲ್ಲ. ವರ್ಷಕ್ಕೆ ಐದು ತಿಂಗಳ ಹಾಗೆ ಒಂದೇ ಜಾಕೆಟ್‌ನಲ್ಲಿ ಎಂಟು ಚಳಿಗಾಲ ಕಳೆದಿದ್ದಾನೆ. ಅಂಥವರು ಒಳ್ಳೇದೇ ಕೊಳ್ಳಲಿ, ಲೇಬಲ್ ನೋಡಿ ಕೊಳ್ಳಲಿ, ಹರಿದರೆ ಹೊಲಿಸಿ ಹಾಕಲಿ. ಯಾವ ವಸ್ತು ನಿಷ್ಪಾಪಿ ಅಂತ ಹುಡುಕುತ್ತಾ ಹೋದರೆ ಯಾವುದೂ ಸಿಗಲ್ಲ. ಎಷ್ಟು ಬೇಕು, ಎಷ್ಟು ದಿನ ಬೇಕು ಅನ್ನೋದಾದರೂ ನಮ್ಮ ಕೈಯಲ್ಲಿದೆ.

ಕಾರ್ಟ್ ಖಾಲಿ ಮಾಡಿದೆ. ಟ್ರೆಕ್‌ಗೆ ಬಾಡಿಗೆ ಜಾಕೆಟ್ ಸಿಗುತ್ತೆ. ನನಗಿಂತ ಮುಂಚೆ ಯಾರೋ ಹಾಕಿರ್ತಾರೆ, ಆಮೇಲೂ ಯಾರೋ ಹಾಕ್ತಾರೆ. ಕಂಬಳಿಯನ್ನು ಕೆಳಗಿಳಿಸಿ ಬಿಸಿಲಿಗೆ ಹಾಕಿದೀನಿ. ಒಂದು ಮೂಲೆ ನುಸಿ ತಿಂದಿದೆ, ಅದೇ ಕುರಿ ವಾಸನೆ ಹಾಗೇ ಇದೆ. ಮುಂಜಾನೆಯ ಕಾಲ್‌ಗಳಿಗೆ ಹೊದ್ದುಕೊಂಡು ಕೂರೋಕೆ ಚೆನ್ನಾಗಿದೆ. ಮೊನ್ನೆ ಕ್ಯಾಮೆರಾ ಆನ್ ಇತ್ತು, ಯಾರೂ ಏನೂ ಅನ್ನಲಿಲ್ಲ.

ಮೊದಲನೇ ಕಂಬಳಿ ವಿಷಯ ಅಪ್ಪನಿಗೆ ಇನ್ನೂ ಹೇಳಿಲ್ಲ. ಫೋನಿನಲ್ಲಿ ಹೇಳೋ ಮಾತಲ್ಲ ಅದು. ಟ್ರೆಕ್‌ಗಿಂತ ಮುಂಚೆ ಒಂದು ಭಾನುವಾರ ಊರಿಗೆ ಹೋಗಬೇಕು.