ವಿವಾಹವಿಲ್ಲದ ಜೀವನವೂ ಆತ್ಮನಿರಾಕರಣೆಯೂ

ರೋಮನ್ ಕಥೋಲಿಕ ಸಭೆಯ ಪಾದ್ರಿಗಳೂ ಕನ್ಯಾಮಠದವರೂ ವಿವಾಹವಾಗದೆ ಇರುವದನ್ನು ಕುರಿತು ನಮ್ಮವರಲ್ಲಿ ಎರಡು ವಿಧವಾದ ಮಾತುಗಳು ಕೇಳಬರುತ್ತವೆ. ಅದು ದೇವರು ನೇಮಿಸದ ಹೊರೆ, ಮನುಷ್ಯರ ಕಟ್ಟಳೆ, ಎಂದು ಕೆಲವರು ಹೇಳುತ್ತಾರೆ. ಬೇರೆ ಕೆಲವರು ನಗುತ್ತಾ, ಹೊರಗೆ ಬ್ರಹ್ಮಚರ್ಯ, ಒಳಗೆ ಮತ್ತೇನೋ, ಅನ್ನುತ್ತಾರೆ. ಮೊದಲನೆಯದು ವಾದ, ಎರಡನೆಯದು ಚಾಡಿ. ಪ್ರಿಯ ವಾಚಕರೇ, ಆ ವ್ರತವು ಯಾವದಕ್ಕಾಗಿ ಎಂಬ ಪ್ರಶ್ನೆಯನ್ನು ನಾವು ಈ ಸಾರಿ ವಿಚಾರಿಸೋಣ.

ಮೊದಲು ಅವರು ಕಲಿಸುವದನ್ನು ಸರಿಯಾಗಿ ತಿಳಿಯಬೇಕು. ಅವರ ಬೋಧನೆಯ ಪ್ರಕಾರ ಶುದ್ಧತ್ವವು ಪಾದ್ರಿಗಳಿಗೆ ಮಾತ್ರ ಸೇರಿದ್ದಲ್ಲ. ಗಂಡಹೆಂಡರಿಗೂ ವಿಧವೆಯರಿಗೂ ಯೌವನಸ್ಥರಿಗೂ ಅವರವರ ಸ್ಥಿತಿಗೆ ತಕ್ಕಂತೆ ವಿಧಿಸಲ್ಪಟ್ಟದ್ದಾಗಿದೆ. ವಿವಾಹವು ಅವರ ಏಳು ಸಂಸ್ಕಾರಗಳಲ್ಲಿ ಒಂದು. ಆದಕಾರಣ ಅವರು ಅದನ್ನು ಹೀನೈಸುತ್ತಾರೆಂಬದು ನ್ಯಾಯವಾದ ಮಾತಲ್ಲ. ಪಾದ್ರಿಗಳ ಅವಿವಾಹವಾದರೋ ಸಭೆಯು ಕಾಲಕ್ರಮದಲ್ಲಿ ಕಟ್ಟಿಕೊಂಡ ನಿಯಮ. ಪೇತ್ರನಿಗೆ ಅತ್ತೆ ಇದ್ದಳೆಂದು ಸುವಾರ್ತೆಯಲ್ಲಿ ಓದುತ್ತೇವಷ್ಟೆ. ಪಾದ್ರಿಯು ಮಾಡಿಕೊಂಡ ಮದುವೆಯು ಮದುವೆಯೇ ಅಲ್ಲವೆಂದು ತೀರ್ಮಾನವಾದದ್ದು 1139ರಲ್ಲಿ, ರೋಮಾಪುರದ ಲಾತೆರಾನ್ ಮಹಾಸಂಘದಲ್ಲಿ. ಪೂರ್ವದೇಶದ ಕೆಲವು ಕಥೋಲಿಕ ಸಭೆಗಳಲ್ಲಿ ಹೆಂಡತಿ ಮಕ್ಕಳುಳ್ಳ ಪಾದ್ರಿಗಳು ಇಂದಿಗೂ ಇದ್ದಾರೆ.

ನಾವು ಅವರಿಂದ ಅಗಲುವದು ಮತ್ತೊಂದು ಸ್ಥಳದಲ್ಲಿ. ವಿವಾಹಸ್ಥಿತಿಗಿಂತ ಕನ್ಯಾಸ್ಥಿತಿಯು ಮೇಲಾದದ್ದೆಂದು 1563ರಲ್ಲಿ ತ್ರೆಂತ್ ಸಂಘವು ಗೊತ್ತುಮಾಡಿ, ಇದನ್ನು ಅಲ್ಲಗಳೆಯುವವರನ್ನು ಬಹಿಷ್ಕರಿಸಿತು. ಲುಥರನು ಇದಕ್ಕೆ ಮುಂಚೆಯೇ ಬೇರೆ ಮಾತನ್ನು ಹೇಳಿದ್ದನು. ಮಗುವಿನ ಮಲಿನ ಬಟ್ಟೆಯನ್ನು ಒಗೆಯುವ ತಂದೆಯು ಅದನ್ನು ನಂಬಿಕೆಯಿಂದ ಮಾಡಿದರೆ ದೇವರು ಮೆಚ್ಚುತ್ತಾನೆಂದು ಆತನು 1522ರಲ್ಲಿ ಬರೆದನು; 1525ರಲ್ಲಿ, ಮಠವನ್ನು ಬಿಟ್ಟುಬಂದಿದ್ದ ಕಥರೀನಾ ಎಂಬವಳನ್ನು ತಾನೇ ವರಿಸಿದನು. ಇದರಲ್ಲಿ ನಾವು ಲುಥರನ ಪಕ್ಷದವರು. ಆದರೆ ವಿವಾಹವನ್ನು ನಿಷೇಧಿಸುವವರಿಗೆ ವಿರೋಧವಾಗಿ ಪೌಲನು ತಿಮೊಥೆಯನಿಗೆ ಬರೆದದ್ದನ್ನು ನಾವು ಗಟ್ಟಿಯಾಗಿ ಓದುತ್ತೇವೆ. ಮದುವೆಯಿಲ್ಲದವನು ಕರ್ತನ ಕಾರ್ಯಗಳ ಚಿಂತೆಯಲ್ಲಿ ಇರುತ್ತಾನೆಂದು ಅದೇ ಪೌಲನು ಕೊರಿಂಥದವರಿಗೆ ಬರೆದದ್ದನ್ನು ಸ್ವಲ್ಪ ಮೆಲ್ಲಗೆ ಓದುತ್ತೇವೆ.

ಈಗ ಒಬ್ಬ ಮನುಷ್ಯನ ಸಂಗತಿಯನ್ನು ನೋಡೋಣ. ಬೆಲ್ಜಿಯಂ ದೇಶದ ರೈತನ ಮಗನಾದ ದಾಮಿಯೆನನು 1840ರಲ್ಲಿ ಹುಟ್ಟಿದನು. 1860ರಲ್ಲಿ ಬಡತನ, ಶುದ್ಧತ್ವ, ವಿಧೇಯತ್ವ ಎಂಬ ಮೂರು ವ್ರತಗಳನ್ನು ಕೈಕೊಂಡು, 1864ರಲ್ಲಿ ಹವಾಯಿ ದ್ವೀಪಗಳಿಗೆ ಬಂದನು. ಅಲ್ಲಿಯ ಸರಕಾರವು ಕುಷ್ಠರೋಗಿಗಳನ್ನು ಹಿಡಿದು ಮೊಲೊಕಾಯಿ ದ್ವೀಪದ ಒಂದು ಭೂಶಿರಕ್ಕೆ ಸಾಗಿಸುತ್ತಿತ್ತು. ಮೂರು ಕಡೆ ಸಮುದ್ರ, ಒಂದು ಕಡೆ ಗೋಡೆಯಂತೆ ನಿಂತ ಬೆಟ್ಟ. 1873ರ ಮೇ ತಿಂಗಳಲ್ಲಿ ದಾಮಿಯೆನನು ತಾನಾಗಿ ಒಪ್ಪಿ ಅಲ್ಲಿಗೆ ಹೋದನು. ಹುಣ್ಣುಗಳನ್ನು ತೊಳೆದು ಕಟ್ಟಿದನು, ಮನೆಗಳನ್ನು ಕಟ್ಟಿದನು, ಶವಪೆಟ್ಟಿಗೆಗಳನ್ನು ತಾನೇ ಮಾಡಿ, ಗುಂಡಿಗಳನ್ನು ತಾನೇ ತೋಡಿದನು, ರೋಗಿಗಳು ಉಣ್ಣುವ ಪಾತ್ರೆಯಿಂದಲೇ ಉಂಡನು. ಹನ್ನೊಂದು ವರುಷಗಳಾದ ಮೇಲೆ ಒಂದು ದಿನ ಕುದಿನೀರು ಕಾಲಿಗೆ ತಗಲಿದಾಗ ನೋವೇ ಆಗಲಿಲ್ಲ. ಆಗ ತನಗೂ ರೋಗ ಬಂತೆಂದು ತಿಳಿದನು. 1889ರ ಏಪ್ರಿಲ್ 15ರಲ್ಲಿ ತೀರಿಹೋದನು.

ಹೆಂಡತಿಯೂ ಚಿಕ್ಕ ಮಕ್ಕಳೂ ಉಳ್ಳವನಿಗೆ ಅಂಥ ಸ್ಥಳಕ್ಕೆ ಹೋಗೆಂದು ಯಾರು ಹೇಳಬಹುದು? ಆ ವ್ರತದ ಅರ್ಥವು ಇಲ್ಲಿ ಕಾಣುತ್ತದೆ. ಅದು ಏಣಿಯಲ್ಲ, ಏರಿ ದೇವರಿಗೆ ಹತ್ತಿರವಾಗುವದಕ್ಕೆ. ಅದು ಬಿಡುವಾದ ಎರಡು ಕೈಗಳು.

ದಾಮಿಯೆನನು ತೀರಿಹೋದ ಕೆಲವು ತಿಂಗಳಲ್ಲೇ ಹೊನೊಲುಲುವಿನ ಒಬ್ಬ ಪ್ರೊಟೆಸ್ಟಂಟ್ ಬೋಧಕರು ತಮ್ಮ ಜೊತೆಬೋಧಕರೊಬ್ಬರಿಗೆ ಪತ್ರ ಬರೆದು, ಅವನು ಒರಟನೂ ಕೊಳಕನೂ ಆಗಿದ್ದನೆಂದೂ ಸ್ತ್ರೀಯರ ವಿಷಯದಲ್ಲಿ ಶುದ್ಧನಾಗಿರಲಿಲ್ಲವೆಂದೂ ಆ ರೋಗವು ಅವನ ದುರ್ನಡತೆಯಿಂದಲೇ ಬಂತೆಂದೂ ತಿಳಿಸಿದರು. ಪತ್ರವು ಅಚ್ಚಾಯಿತು. ಕುಷ್ಠವು ಕಾಮದೋಷದಿಂದ ಹುಟ್ಟುವ ರೋಗವೆಂದು ಆಗ ಅನೇಕರು ನಂಬಿದ್ದರು. ದಾಮಿಯೆನನು ಮೊಲೊಕಾಯಿಗೆ ಹೋದ 1873ರಲ್ಲಿಯೇ ನಾರ್ವೆ ದೇಶದ ವೈದ್ಯನಾದ ಹಾನ್ಸೆನನು ಆ ರೋಗದ ಅಣುಜೀವಿಯನ್ನು ಕಂಡುಹಿಡಿದಿದ್ದನು; ಅದು ಬಹುಕಾಲದ ಒಡನಾಟದಿಂದ ಹರಡುತ್ತದೆ, ಔಷಧದಿಂದ ವಾಸಿಯಾಗುತ್ತದೆ, ಎಂಬದು ಈಗ ಎಲ್ಲಾ ವೈದ್ಯರಿಗೂ ತಿಳಿದದ್ದೇ. ಬೋಧಕರಿಗೆ ಉತ್ತರ ಕೊಟ್ಟವರು ಕಥೋಲಿಕರಲ್ಲ. ಪ್ರೆಸ್ಬಿಟೇರಿಯನ್ ಮನೆಯಲ್ಲಿ ಬೆಳೆದ ಸ್ಕಾಟ್ಲೆಂಡಿನ ಗ್ರಂಥಕರ್ತನಾದ ಸ್ಟೀವನ್‌ಸನ್ ಎಂಬವನು, ದಾಮಿಯೆನನು ಸತ್ತ ಮರುತಿಂಗಳಲ್ಲಿ ಆ ಸ್ಥಳದಲ್ಲಿ ಕೆಲವು ದಿನ ಇದ್ದು ವಿಚಾರಿಸಿ ಬಂದವನು. ಆತನು 1890ರಲ್ಲಿ ಬಹಿರಂಗ ಪತ್ರವನ್ನು ಪ್ರಕಟಿಸಿ, ದಾಮಿಯೆನನ ಒರಟುತನವನ್ನು ಮುಚ್ಚಿಡದೆ, ಸುಖವಾದ ಮನೆಯಲ್ಲಿ ಕುಳಿತು ಸತ್ತವನ ಹೆಸರನ್ನು ಕೆಡಿಸಿದವರನ್ನು ಕಠಿಣವಾಗಿ ಖಂಡಿಸಿದನು.

ವ್ರತ ತೊಟ್ಟವರೆಲ್ಲರೂ ದಾಮಿಯೆನರಲ್ಲ, ನಿಜ. ಅನೇಕ ದೇಶಗಳಲ್ಲಿ ಪಾದ್ರಿಗಳು ಮಕ್ಕಳಿಗೆ ಮಾಡಿದ ಘೋರ ಅನ್ಯಾಯವೂ ಮೇಲಿನವರು ಅದನ್ನು ಮುಚ್ಚಿದ್ದೂ ಈ ಕಾಲದಲ್ಲಿ ಬೈಲಾಗಿದೆ. ಅದು ಚಾಡಿಯಲ್ಲ, ಸಾಕ್ಷಿಗಳಿಂದ ಸ್ಥಾಪಿತವಾದದ್ದು. ವಿವಾಹಿತ ಬೋಧಕರುಳ್ಳ ಸಭೆಗಳಲ್ಲಿಯೂ ಅಂಥ ಪಾಪವು ಹೊರಬಿದ್ದಿರುವಾಗ, ನಾವು ಇದನ್ನು ವಾದದ ಆಯುಧವಾಗಿ ಹಿಡಿಯಲಾರೆವು.

ಆದರೂ ವಿವಾಹದ ಪಕ್ಷವಾಗಿ ಹೇಳತಕ್ಕದ್ದು ಆ ಮೊಲೊಕಾಯಿಯಲ್ಲಿಯೇ ಇದೆ. ರೋಗಿಗಳನ್ನು ಹಡಗಿಗೆ ಹತ್ತಿಸುವಾಗ, ರೋಗವಿಲ್ಲದ ಕೆಲವು ಗಂಡಂದಿರೂ ಹೆಂಡಂದಿರೂ, ಬಿಡಲಾರೆವೆಂದು ಹೇಳಿ ಕೂಡ ಹೋದರು. ಅವರಿಗೆ ಆ ದೇಶದ ಭಾಷೆಯಲ್ಲಿ ಕೋಕುವ, ಅಂದರೆ ಸಹಾಯಕರು, ಎಂಬ ಹೆಸರು. ಅವರು ಯಾವ ಮಠದ ವ್ರತವನ್ನೂ ತೊಟ್ಟವರಲ್ಲ. ಮದುವೆಯ ದಿನದಲ್ಲಿ ಕೊಟ್ಟ ಮಾತು ಅವರಿಗೆ ಸಾಕಾಯಿತು. ದಾಮಿಯೆನನಿಗಿಂತ ಮುಂಚೆಯೇ, 1866ರಲ್ಲಿ, ಅಲ್ಲಿ ಸಿಲೋಆಮ ಎಂಬ ಪ್ರೊಟೆಸ್ಟಂಟ್ ಸಭೆಯನ್ನು ಕಟ್ಟಿಕೊಂಡವರು ಆ ರೋಗಿಗಳೇ. ಮಠದವನು ಹೆಂಡತಿಯಿಲ್ಲದ್ದರಿಂದ ಹೋದನು. ಇವರು ಹೆಂಡತಿಗಾಗಿ, ಗಂಡನಿಗಾಗಿ ಹೋದರು. ಯಾರ ನಿರಾಕರಣೆ ದೊಡ್ಡದೆಂದು ತೂಗುವ ತಕ್ಕಡಿ ತ್ರೆಂತಿನವರಲ್ಲಿ ಇರಬಹುದು, ನಮ್ಮಲ್ಲಿ ಇಲ್ಲ.

ದಾಮಿಯೆನನ ದೇಹವನ್ನು 1936ರಲ್ಲಿ ಬೆಲ್ಜಿಯಂ ದೇಶಕ್ಕೆ ಒಯ್ದರು. 1995ರಲ್ಲಿ ಅವನ ಬಲಗೈಯನ್ನು ಮಾತ್ರ ಮೊಲೊಕಾಯಿಗೆ ಹಿಂದಕ್ಕೆ ತಂದು ಹಳೆಯ ಸಮಾಧಿಯಲ್ಲಿ ಇಟ್ಟರು. ಭಕ್ತರ ಎಲುಬುಗಳನ್ನು ಗೌರವಿಸುವದು ನಮ್ಮ ಪದ್ಧತಿಯಲ್ಲ. ಆದರೂ ಹುಣ್ಣು ಕಟ್ಟಿದ, ಗುದ್ದಲಿ ಹಿಡಿದ ಕೈಯನ್ನೇ ಅವರು ತಂದರೆಂಬದು ನಮಗೆ ಮೆಚ್ಚಿಕೆಯಾಗುತ್ತದೆ. ಅದೇ ಭೂಶಿರದಲ್ಲಿ ಸಾವಿರಾರು ರೋಗಿಗಳೂ ಅವರ ಕೋಕುವರೂ ಮಲಗಿದ್ದಾರೆ. ಹೆಚ್ಚಿನ ಸಮಾಧಿಗಳ ಮೇಲೆ ಹೆಸರಿಲ್ಲ.