ಮಮತೆಯ ಎರಡು ‘ಮ’

ಕೈ ಜಾರಿ ಸೊಟ್ಟಗಾದ ಅಕ್ಷರಕ್ಕೂ, ಸೊಟ್ಟಗಿದ್ರೆ ಚೆಂದ ಅಂತ ಕಂಪ್ಯೂಟರಿನಲ್ಲಿ ಸೊಟ್ಟಗೆ ಮಾಡಿದ ಅಕ್ಷರಕ್ಕೂ ದೂರದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗೋದಿಲ್ಲ. ಹಾಗಾದ್ರೆ ಎರಡನೆಯದು ಸುಳ್ಳು ಹೇಳ್ತಿದೆಯಾ? ಕೆಲಸವಿಲ್ಲದವರ ಪ್ರಶ್ನೆ ಅನ್ನಿಸಬಹುದು. ಆದರೆ ‘ಹ್ಯಾಂಡ್‌ಮೇಡ್ ಲುಕ್ ಬೇಕು’ ಅನ್ನೋ ಮಾತನ್ನು ಆಫೀಸಿನಲ್ಲಿ ಆಗಾಗ ಕೇಳುವ ನಾವು ಒಮ್ಮೆಯಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ನನಗೆ ಇದು ಎದುರಾದದ್ದು ಹೊಸಪೇಟೆಯಲ್ಲಿ ನಡೆಯಲಿದ್ದ ಚಿಕ್ಕಪ್ಪನ ಮಗಳ ಮದುವೆಗೆ ವಾಟ್ಸಾಪ್ ಆಮಂತ್ರಣ ಮಾಡುವಾಗ. “ಮೊದ್ಲು ಕಲ್ಯಾಣ ಮಂಟಪದಾಗ ಥರ್ಮಾಕೋಲ್ ಅಕ್ಷರ ಇರ್ತಿದ್ವಲ್ಲಣ್ಣ, ಅಂಥ ಫಾಂಟ್ ಹಾಕು” ಅಂದಳು. ಕತ್ತರಿಸಿದಂತೆ ಕಾಣುವ ಫಾಂಟ್‌ಗಳಿಗೆ ಇಂಗ್ಲಿಷಿನಲ್ಲಿ ಬರವಿಲ್ಲ. ಅಮೆರಿಕದ ಫ್ರೀಮನ್ ಕ್ರಾ 1961ರಲ್ಲೇ ‘ಆಡ್ ಲಿಬ್’ ಎಂಬ ಅಂಥ ಅಚ್ಚಕ್ಷರ ಮಾಡಿದ್ದ. 1977ರಲ್ಲಿ ಜೇಮಿ ರೀಡ್, ಪೇಪರಿನಿಂದ ಕತ್ತರಿಸಿ ಅಂಟಿಸಿದಂಥ ಅಕ್ಷರಗಳನ್ನು ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿಗೆ ಮಾಡಿಕೊಟ್ಟ. ಆಮೇಲೆ ಆ ಶೈಲಿಯ ಫಾಂಟ್‌ಗಳೂ ಬಂದವು. ಕನ್ನಡದಲ್ಲಿ ಹುಡುಕಿದ್ರೆ ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಅವರಿಗೆ 26 ಅಕ್ಷರಗಳನ್ನು ದೊಡ್ಡದು, ಚಿಕ್ಕದು ಅಂತ ಮಾಡಿದರೆ ಮುಕ್ಕಾಲು ಕೆಲಸ ಮುಗೀತು. ನಮಗೆ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಆಕಾರ. ತಮಾಷೆಯ ಫಾಂಟ್‌ಗೆ ಅಷ್ಟು ದುಡಿಯೋರು ಕಡಿಮೆ.

ಸಿಕ್ಕ ಒಂದರಲ್ಲಿ ‘ಮಮತೆಯ ಕರೆಯೋಲೆ’ ಅಂತ ಟೈಪ್ ಮಾಡಿದೆ. ಪಕ್ಕಪಕ್ಕದ ಎರಡೂ ‘ಮ’ಗಳಿಗೆ ಒಂದೇ ಜಾಗದಲ್ಲಿ, ಒಂದೇ ಅಳತೆಯ ಕಚ್ಚು! ಇನ್ನೂ ಜಾಣ ಫಾಂಟ್‌ಗಳು ಒಂದೊಂದು ಅಕ್ಷರಕ್ಕೂ ಎರಡು ಮೂರು ರೂಪ ಇಟ್ಟುಕೊಂಡು ಸರದಿಯಂತೆ ಬದಲಿಸುತ್ತವೆ. ಆಗ ಗುಟ್ಟು ಬೇಗ ರಟ್ಟಾಗೋದಿಲ್ಲ, ಅಷ್ಟೇ.

ಹೊಸಪೇಟೆಯಲ್ಲಿ ಡೆಕೊರೇಶನ್ ಕೆಲಸ ಮಾಡುವವರೊಬ್ಬರಿಗೆ ಇದನ್ನು ತೋರಿಸಿದೆ. ಕಂಪ್ಲಿ, ಸಂಡೂರಿನ ಮದುವೆಗಳಿಗೂ ಅಕ್ಷರ ಕತ್ತರಿಸಿ ಕೊಟ್ಟವರು. ನಕ್ಕರು. “ಮೊದಲ್ನೇದು ಕೊಯ್ದ ಮ್ಯಾಲ ಎರಡನೇದು ಸುಧಾರಸ್ತದ್ರೀ. ಹೆಸರು ಉದ್ದ ಆಗಿ ಜಾಗ ಸಾಲಲಿಲ್ಲ ಅಂದ್ರ ಕೊನೀದು ಸಣ್ಣದಾಗ್ತದ.” ಒತ್ತಕ್ಷರ ಬೇರೆ ತುಂಡಾದ್ದರಿಂದ ಅದಕ್ಕೆ ಎರಡು ಗುಂಡುಪಿನ್ನು ಚುಚ್ಚುತ್ತಿದ್ದರಂತೆ. ಇಲ್ಲದಿದ್ದರೆ ಫ್ಯಾನ್ ಗಾಳಿಗೆ ಒತ್ತು ಉದುರಿ, ಮುಹೂರ್ತದ ಹೊತ್ತಿಗೆ ‘ಬಸಮ್ಮ’ ಹೋಗಿ ‘ಬಸಮ’ ಆಗಿರುತ್ತಿತ್ತು.

ಅಂದರೆ ಅವರ ಅಕ್ಷರದ ಒಂದೊಂದು ಸೊಟ್ಟಕ್ಕೂ ಕಾರಣ ಇತ್ತು: ಜಾಗ, ಹೊತ್ತು, ಬ್ಲೇಡಿನ ಮೊನೆ. ಫಾಂಟಿನ ಕಚ್ಚಿಗೆ ಇರುವ ಕಾರಣ ಒಂದೇ, ನಮಗೆ ಹಿತವಾಗಲಿ ಅನ್ನೋದು.

ಹಾಗಂತ ಫಾಂಟನ್ನು ಬೈದು ಮುಗಿಸುವ ಹಾಗೂ ಇಲ್ಲ. ಥರ್ಮಾಕೋಲ್ ಅಕ್ಷರಗಳನ್ನು ಕೊಂದದ್ದು ಫಾಂಟ್ ಒಂದೇ ಅಲ್ಲ. ಮೊದಲು ಫ್ಲೆಕ್ಸ್ ಬಂತು. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲಿಗೆ ದೇಶದಾದ್ಯಂತ ನಿಷೇಧವೂ ಬಂತು. ಮದುವೆ ಮುಗಿದ ಮರುದಿನ ಮಂಟಪದ ಹಿಂದಿನ ಚರಂಡಿಯಲ್ಲಿ ತೇಲುವ ಬಿಳಿ ಉಂಡೆಗಳನ್ನು ನೋಡಿದವರು ಆ ನಿಷೇಧವನ್ನು ತಪ್ಪು ಅನ್ನಲಾರರು. ಕೈಯಲ್ಲಿ ಮಾಡಿದ್ದೆಲ್ಲ ಪವಿತ್ರ ಅಂತೇನಿಲ್ಲ. ಕಸವಾಗದೆ ಉಳಿಯೋದು ಫಾಂಟಿನ ಪುಣ್ಯವೇ.

ಹಾಗಾದ್ರೆ ತಪ್ಪು ಎಲ್ಲಿಂದ ಶುರು? ಸಂಡೂರಿನ ಕಡೆ ನೋಡಿ. ಅಲ್ಲಿಯ ಲಂಬಾಣಿ ಹೆಂಗಸರು ಬಟ್ಟೆಯ ತುಂಡು ಕತ್ತರಿಸಿ, ಕನ್ನಡಿ ಕೂರಿಸಿ ಮಾಡುವ ಕಸೂತಿಗೆ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಅವರ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅದೇ ಕಸೂತಿಯನ್ನು ಹೋಲುವ ಪ್ರಿಂಟ್ ಹಾಕಿದ ಕುಶನ್ ಕವರನ್ನು ಪ್ರಿಂಟ್ ಅಂತಲೇ ಮಾರಿದರೆ ಅದು ಅನುಕರಣೆ. ‘ಸಂಡೂರು ಲಂಬಾಣಿ ಕಸೂತಿ’ ಅಂತ ಮಾರಿದರೆ ಯಾರೋ ಬೆರಳು ಚುಚ್ಚಿಸಿಕೊಂಡು ಗಳಿಸಿದ ಗೌರವವನ್ನು ಕದ್ದಂತೆ. ಅಲ್ಲಿ ತಡೆಯೋಕೆ ಜಿಐ ಇದೆ. ಮದುವೆ ಮಂಟಪದ ಅಕ್ಷರಕ್ಕೆ ಅಂಥದ್ದೇನೂ ಇಲ್ಲ; ಬಳಸುವವರ ಮರ್ಯಾದೆಯೇ ಕಾವಲು.

ಆ ಮರ್ಯಾದೆಗೆ ಒಂದು ಮಾದರಿಯೂ ಇದೆ. ದಿವಂಗತ ಹನೀಫ್ ಕುರೇಷಿ ‘ಹ್ಯಾಂಡ್‌ಪೇಂಟೆಡ್ ಟೈಪ್’ ಎಂಬ ಯೋಜನೆಯಲ್ಲಿ ಬೀದಿ ಬೋರ್ಡ್ ಬರೆಯುವವರ ಕೈಬರಹವನ್ನು ಫಾಂಟ್ ಮಾಡಿದರು. ಫಾಂಟಿಗೆ ಇಟ್ಟದ್ದು ಆ ಪೇಂಟರನ ಹೆಸರನ್ನೇ. ಮಾರಾಟದ ಹಣದಲ್ಲೂ ಅವನಿಗೆ ಪಾಲು.

ನಕಲು ಮಾಡಬಾರದು ಅಂತ ನಾನು ಹೇಳಲ್ಲ. ಬರೆದ ಕೈ ಯಾವ ಕಾಲದ್ದೋ, ಯಾವ ದೇಶದ್ದೋ ಆಗಿದ್ದರೆ ಫಾಂಟ್ ಒಂದು ನೆನಪು, ಆಟ. ಆದರೆ ಆ ಕೈ ಇನ್ನೂ ಬದುಕಿದ್ದು, ಫೋನ್ ಮಾಡಿದರೆ ಸಿಗುವ ಹಾಗಿದ್ದು, ಕೆಲಸ ಕಡಿಮೆಯಾಗಿ ಕೂತಿದ್ದರೆ, ಅದರ ಸೊಟ್ಟತನವನ್ನು ಪುಕ್ಕಟೆ ಎತ್ತಿಕೊಳ್ಳೋದು ಆಟವಾಗಿ ಉಳಿಯಲ್ಲ. ನೆನಪಿಗೆ ಬಾಡಿಗೆ ಇಲ್ಲ, ನಿಜ. ನೆನಪನ್ನು ಕೊಟ್ಟವರಿಗೆ ಬಾಡಿಗೆ ಕಟ್ಟುವ ಮನೆ ಇರುತ್ತೆ. ಮುಂದಿನ ಸಲ ಯಾರಾದರೂ ‘ಹ್ಯಾಂಡ್‌ಮೇಡ್ ಲುಕ್’ ಅಂದಾಗ, ಬಜೆಟ್ಟಿನಲ್ಲಿ ಆ ಹ್ಯಾಂಡಿಗೂ ಒಂದು ಸಾಲು ಇದೆಯಾ ಅಂತ ಕೇಳಿ ನೋಡಿ.